ಮಾವನ ತಾತನ ಕ್ವಾರ್ಟರ್

"ಮಾವ ತಮ್ಮ ತಾತನ ಕ್ವಾರ್ಟರ್ ಹುಡುಕಲು ಹೊರಟಿದ್ದಾರೆ" ಎಂದು ಗದಗಿಗೆ ಫೋನು ಮಾಡಿ ಹೇಳಿದ್ದೇ ತಪ್ಪಾಯಿತು. ಅವ್ವ ಒಂದು ಗಳಿಗೆ ಸುಮ್ಮನಿದ್ದು, "ಬೀಗರಿಗೆ ಈ ವಯಸ್ಸಿನಲ್ಲಿ ಇದೇನು ಚಟ?" ಎಂದಳು. ಹಿಂದಿನಿಂದ ತಮ್ಮನ ದನಿ: "ತಾತನ ಕಾಲದ್ದಾದರೆ ಒಳ್ಳೆಯ ಮಾಲೇ ಇರಬೇಕು."

ಕೆನಡಾದ ಸಸ್ಕಾಚೆವಾನ್ ಬಯಲಿನಲ್ಲಿ ಕ್ವಾರ್ಟರ್ ಎಂದರೆ 160 ಎಕರೆ ಹೊಲ. 1872ರ ಕಾಯ್ದೆಯ ಪ್ರಕಾರ ಹತ್ತು ಡಾಲರ್ ಶುಲ್ಕ ಕಟ್ಟಿ, ಮೂರು ವರ್ಷ ನೆಲೆಸಿ, ಮನೆ ಕಟ್ಟಿ, ಉತ್ತು ತೋರಿಸಿದವನಿಗೆ ಅದು ಸ್ವಂತವಾಗುತ್ತಿತ್ತು. (ಅಲ್ಲಿ ಮೊದಲಿನಿಂದಲೂ ಇದ್ದ ಕ್ರೀ ಜನರನ್ನು ಮಾತ್ರ ಮೀಸಲು ಜಾಗಗಳಿಗೆ ಸರಿಸಿದರು. ಹತ್ತು ಡಾಲರಿನ ಕಥೆ ಹೇಳುವವರು ಇದನ್ನು ಬೇಗ ಮುಗಿಸುತ್ತಾರೆ.) ನನ್ನ ಗಂಡನ ಮುತ್ತಾತ ಹಾಗೆ ಬಂದವರಲ್ಲೊಬ್ಬರು.

ರೆಜೈನಾದ ಪ್ರಾಂತೀಯ ಪತ್ರಾಗಾರದಲ್ಲಿ ಅವರ ಕಡತ ಸಿಕ್ಕಿತು. ಅದರಲ್ಲಿ ದೇಶ ಆಸ್ಟ್ರಿಯಾ ಎಂದಿತ್ತು. 1906ರ ಜನಗಣತಿಯಲ್ಲಿ ಗ್ಯಾಲಿಷಿಯಾ. ಮಾವ ಹೇಳುವುದು ಉಕ್ರೇನ್. ಮೂರೂ ನಿಜವೇ: ಗ್ಯಾಲಿಷಿಯಾ ಆಗ ಆಸ್ಟ್ರಿಯಾದ ಆಳ್ವಿಕೆಯಲ್ಲಿತ್ತು, ಅದರ ಪೂರ್ವ ಭಾಗ ಈಗ ಉಕ್ರೇನಿನಲ್ಲಿದೆ. ಮನೆತನದ ಹೆಸರು ಮಾತ್ರ ಬರೆದ ಗುಮಾಸ್ತನ ಕಿವಿಗೆ ಕೇಳಿಸಿದ ಹಾಗೆ, ಪುಟಕ್ಕೊಂದು ರೂಪದಲ್ಲಿತ್ತು. ಮಾವ ನೊಂದುಕೊಂಡರು. ಉತಾರದಲ್ಲಿ ಒಂದು, ಪಡಿತರ ಚೀಟಿಯಲ್ಲಿ ಇನ್ನೊಂದು ಹೆಸರಿದ್ದ ಅಪ್ಪನ ಮಗಳಾದ ನನಗೆ ತವರಿಗೆ ಬಂದಂತಾಯಿತು.

ಆ ಬಯಲನ್ನೆಲ್ಲ ಚದುರಂಗದ ಹಾಸಿನಂತೆ ಅಳೆದಿದ್ದಾರೆ. ಆರು ಮೈಲಿ ಉದ್ದಗಲದ ಒಂದು ಟೌನ್‌ಶಿಪ್, ಅದರೊಳಗೆ ಚದರ ಮೈಲಿಯ 36 ಚೌಕಗಳು, ಚೌಕಕ್ಕೆ ನಾಲ್ಕು ಕ್ವಾರ್ಟರ್. ತಾತನದು ಆರನೆಯ ಚೌಕದ ಈಶಾನ್ಯ ಕ್ವಾರ್ಟರ್. ("ಈಶಾನ್ಯವೇ? ವಾಸ್ತು ಚೆನ್ನಾಗಿದೆ" ಎಂದಳು ಅವ್ವ.) ಒಂದು ಶನಿವಾರ ಮಾವ, ನಾನು, ತೊಳೆದಿಟ್ಟ ಉಪ್ಪಿನಕಾಯಿ ಬಾಟಲಿ, ಮೂವರೂ ಹೊರಟೆವು. ಬಾಟಲಿ ತಾತನ ನೆಲದ ಮಣ್ಣಿಗೆ. ಗಂಡ ಕೆಲಸದ ನೆಪ ಹೇಳಿ ಪಾರಾದ. ಮಾವ ಕನ್ನಡಕ ಮರೆತಿದ್ದರಿಂದ ನಕ್ಷೆ ನನ್ನ ಪಾಲಿಗೆ ಬಂತು. ಅದರಲ್ಲಿ ಗೆರೆಗಳಿದ್ದವು, ಅಂಕಿಗಳಿರಲಿಲ್ಲ. ಪುಸ್ತಕ ಓದುವಂತೆ ಮೇಲಿನ ಸಾಲನ್ನು ಎಡದಿಂದ ಬಲಕ್ಕೆ ಎಣಿಸಿ, "ಬಲಗಡೆ ಮೇಲಿನ ಮೂಲೆ" ಎಂದೆ.

ಹಿಂದಿನ ರಾತ್ರಿ ಮಳೆಯಾಗಿತ್ತು. ಜಲ್ಲಿಯ ರಸ್ತೆ ಮುಗಿದು ಬರೀ ಮಣ್ಣಿನ ದಾರಿ ಶುರುವಾದಾಗ ಮಾವ ನನ್ನ ಮುಖ ನೋಡಿದರು. "ಏನೂ ಆಗುವುದಿಲ್ಲ, ನಡೆಯಿರಿ" ಎಂದೆ. ಎರೆ ಹೊಲದಲ್ಲಿ ಹುಟ್ಟಿ ಬೆಳೆದವಳು, ಮಳೆಗಾಲದಲ್ಲಿ ಅಪ್ಪನ ಚಪ್ಪಲಿಗೆ ಎರಡೆರಡು ಸೇರು ಮಣ್ಣು ಮೆತ್ತುವುದನ್ನು ಕಂಡವಳು ಆಡಬಹುದಾದ ಮಾತೇ ಅದು? ಇಲ್ಲಿಯವರು ಆ ಜಿಗುಟು ಮಣ್ಣಿಗೆ ಗಂಬೋ ಎನ್ನುತ್ತಾರೆ. ಕಾರು ಇನ್ನೂರು ಗಜ ಹೋಗಿ, ಮುನಿಸಿಕೊಂಡ ಎಮ್ಮೆಯ ಹಾಗೆ ಕುಳಿತುಬಿಟ್ಟಿತು.

ಕುಳಿತ ಜಾಗವೇನೋ ಸರಿಯಾಗಿಯೇ ಇತ್ತು. ಹೊಲದಂಚಿನಲ್ಲಿ ಹಳೆಯ ಕಲ್ಲುರಾಶಿ. "ನನ್ನ ತಾತ ಎತ್ತಿ ಹಾಕಿದ ಕಲ್ಲುಗಳು" ಎನ್ನುತ್ತಾ ಮಾವ ಒಂದೊಂದನ್ನೇ ಸವರಿದರು. ಕಣ್ಣು ಒರೆಸಿಕೊಂಡರು. ನಾನೂ ಒರೆಸಿಕೊಂಡೆ. ಬಾಟಲಿ ತುಂಬಿ ಮುಚ್ಚಳ ಬಿಗಿಯುವ ಹೊತ್ತಿಗೆ ಟ್ರ್ಯಾಕ್ಟರ್ ಬಂತು.

ರೈತ ನಮ್ಮನ್ನು ಬೈಯಲಿಲ್ಲ. ಸರಪಳಿ ಹಾಕಿ ಕಾರನ್ನು ಜಲ್ಲಿ ರಸ್ತೆಯವರೆಗೆ ಎಳೆದು, ಕಥೆಯನ್ನು ಪೂರ್ತಿ ಕೇಳಿದ. ಆಮೇಲೆ ಮೆಲ್ಲಗೆ ಹೇಳಿದ: "ಇದು ಮೂವತ್ತಾರು. ಎಣಿಕೆ ಕೆಳಗಿನ ಬಲಮೂಲೆಯಿಂದ ಶುರು. ಎಡಕ್ಕೆ ಹೋಗಿ ಆರು, ಅದರ ಮೇಲೆ ಏಳು, ಮತ್ತೆ ಬಲಕ್ಕೆ. ಹಾಗೆಯೇ ಹಾವಿನಂತೆ ಮೇಲಕ್ಕೆ."

ಹಾವು ಯಾಕೆ, ಎತ್ತು ಎಂದಿದ್ದರೆ ನನಗೆ ಇನ್ನೂ ಬೇಗ ತಿಳಿಯುತ್ತಿತ್ತು. ಸಾಲಿನ ತುದಿಗೆ ಹೋಗಿ, ಅಲ್ಲೇ ತಿರುಗಿ, ಪಕ್ಕದ ಸಾಲು ಹಿಡಿದು ಬರುವುದು. ಅಪ್ಪ ಕಣ್ಣು ಮುಚ್ಚಿಕೊಂಡೇ ಎಣಿಸುತ್ತಿದ್ದ. ನಮ್ಮ ಆರನೆಯ ಚೌಕ ಐದು ಮೈಲಿ ಪಶ್ಚಿಮಕ್ಕೆ, ಐದು ಮೈಲಿ ದಕ್ಷಿಣಕ್ಕಿತ್ತು.

"ಹಾಗಾದರೆ ಈ ಕಲ್ಲುಗಳು?" ಎಂದರು ಮಾವ.

"ನನ್ನ ತಾತನವು" ಎಂದ ಆತ. ಬಾಟಲಿಯತ್ತ ಬೆರಳು ತೋರಿಸಿ, "ಆ ಮಣ್ಣೂ. ಅವರೂ ಹತ್ತು ಡಾಲರ್ ಕೊಟ್ಟಿದ್ದರು."

ನಗಿಸಲು ಹೇಳಿದ ಮಾತು. ಮಾವ ನಗಲಿಲ್ಲ. ಅಷ್ಟು ದೂರ ಕೆಸರಿನಲ್ಲಿ ನಡೆದು ಹೋಗಿ, ಅಗೆದ ಗುಂಡಿಗೇ ಮಣ್ಣು ಸುರಿದು, ಅಂಗೈಯಿಂದ ತಟ್ಟಿ ಬಂದರು.

ನಿಜವಾದ ಆರನೆಯ ಚೌಕದಲ್ಲಿ ಮನೆಯೂ ಇಲ್ಲ, ಕಲ್ಲೂ ಇಲ್ಲ. ದಿಗಂತದವರೆಗೆ ಮಸೂರಿನ ಬೆಳೆ. ಯಾರದೋ ಬೆಳೆ ತುಳಿಯಬಾರದೆಂದು ರಸ್ತೆ ಪಕ್ಕದ ಕಾಲುವೆಯಿಂದಲೇ ಮಾವ ಬಾಟಲಿ ತುಂಬಿಕೊಂಡರು. ಈ ಸಲ ಯಾರೂ ಅಳಲಿಲ್ಲ, ಸೊಳ್ಳೆಗಳು ಬಿಡಲಿಲ್ಲ.

ಬಾಟಲಿ ಈಗ ಅವರ ಮನೆಯ ಷೋಕೇಸಿನಲ್ಲಿದೆ. ಬಂದವರಿಗೆಲ್ಲ ಮುಚ್ಚಳ ತೆಗೆದು ಕೊಡುತ್ತಾರೆ. "ಮೂಸಿ ನೋಡಿ, ಬೇರೆ ಯಾವ ಮಣ್ಣಿಗೂ ಈ ವಾಸನೆ ಇಲ್ಲ." ಬಂದವರು ಮೂಸಿ, ಹೌದೆಂದು ತಲೆಯಾಡಿಸುತ್ತಾರೆ. ಅದು ಇಂಗಿನ ವಾಸನೆ ಎಂದು ನಾನು ಇನ್ನೂ ಬಾಯಿ ಬಿಟ್ಟಿಲ್ಲ.