ಒಡಕು ದನಿಯ ಉಚಿತ ಸೇವೆ

ಗಿಟಾರಿನ ನಾದವನ್ನು ಬೇಕೆಂದೇ ಒಡೆಯುವ, ಎಷ್ಟು ಒಡೆಯಬೇಕೆಂಬ ಲೆಕ್ಕವನ್ನು ಮೊದಲೇ ನೆನಪಿನಲ್ಲಿ ಇಟ್ಟುಕೊಂಡು ಕಾಲಿನಿಂದ ಒತ್ತಿದೊಡನೆ ಅಷ್ಟೇ ಒಡೆದು ಕೊಡುವ ಪೆಡಲಿಗಾಗಿ ಮಂಗಳೂರಿನ ಬ್ಯಾಂಡ್ ಹುಡುಗರು ಸಾವಿರಾರು ರೂಪಾಯಿ ಸುರಿಯುತ್ತಾರೆ. ನೆತ್ತಿಯ ಮೇಲೆ ಧ್ವನಿವರ್ಧಕದ ಹಾರ್ನ್ ಕಟ್ಟಿಕೊಂಡು ಸಭೆಯ ಪ್ರಚಾರಕ್ಕೆ ಹೊರಡುವ ರಿಕ್ಷಾ ಇದೇ ಸೇವೆಯನ್ನು ಪುಕ್ಕಟೆಯಾಗಿ ಮನೆ ಬಾಗಿಲಿಗೆ ತಲುಪಿಸುತ್ತಿರುವುದು ಅವರ ಗಮನಕ್ಕೆ ಬಾರದಿರುವುದೇ ಸೋಜಿಗ.

ಎರಡರ ಶಾಸ್ತ್ರವೂ ಒಂದೇ. ಆಂಪ್ಲಿಫೈಯರಿನ ತಾಕತ್ತು ಮೀರಿ ದನಿಯನ್ನು ನೂಕಿದರೆ ಅಲೆಯ ತುದಿ ಕತ್ತರಿಸಿಹೋಗುತ್ತದೆ, ಮೂಲದಲ್ಲಿಲ್ಲದ ಸ್ವರಗಳು ಹುಟ್ಟಿಕೊಳ್ಳುತ್ತವೆ. ಅಮೆರಿಕದ ನ್ಯಾಶ್‌ವಿಲ್‌ನ ಸ್ಟುಡಿಯೊವೊಂದರಲ್ಲಿ ದನಿಗಳನ್ನು ಬೆರೆಸುವ ಮಿಕ್ಸರ್ ಕೆಟ್ಟು, ಕೆಳಸ್ವರದ ಬಾಸ್ ಗಿಟಾರ್ ಹೀಗೆ ಒರಲಿದಾಗ, ಎಂಜಿನಿಯರ್ ಗ್ಲೆನ್ ಸ್ನಾಡಿ ಆ ಒರಲನ್ನೇ ಹೊರಡಿಸುವ ಸರ್ಕ್ಯೂಟ್ ರೂಪಿಸಿದರು. 1962ರಲ್ಲಿ ಗಿಟಾರ್ ತಯಾರಿಸುವ ಗಿಬ್ಸನ್ ಕಂಪನಿ ಅದನ್ನು ಮೇಸ್ಟ್ರೊ ಫಝ್‌ಟೋನ್ ಎಂಬ ಹೆಸರಿನ ಪೆಡಲಾಗಿ ಮಾರಾಟಕ್ಕೆ ತಂದಿತು. ನಮ್ಮ ಮಿಕ್ಸರ್ ಮಾತ್ರ ಕೆಟ್ಟಲ್ಲಿಯೇ ಕೆಟ್ಟು ಕೂತಿದೆ, ಅದಕ್ಕೆ ‘ಭರ್ಜರಿ ಸೌಂಡ್’ ಎಂಬ ಬಿರುದೂ ಸಂದಿದೆ.

ಬಾಸ್‌ಗೆಂದು ಮಾಡಿದ ಹಲವು ಪೆಡಲ್‌ಗಳಲ್ಲಿ ಒಡೆದ ದನಿಯೊಡನೆ ಒಡೆಯದ ದನಿಯನ್ನೂ ಬೆರೆಸುವ ತಿರುಪು ಇರುತ್ತದೆ, ಏಕೆಂದರೆ ಅದಿಲ್ಲದಿದ್ದರೆ ಕೆಳಸ್ವರದ ಬಲವೇ ಉಡುಗುತ್ತದೆ. ಇಂಥ ತಿರುಪು ನಮ್ಮ ರಿಕ್ಷಾಗಳಿಗೆ ತುರ್ತಾಗಿ ಬೇಕು. ಹಂಪನಕಟ್ಟೆಯಲ್ಲಿ ಮೊನ್ನೆ ಹಾದುಹೋದ ರಿಕ್ಷಾದಿಂದ ‘ಮಹನೀಯರೇ’ ಎಂಬುದು ಕೇಳಿತು, ‘ಬನ್ನಿರಿ, ಯಶಸ್ವಿಗೊಳಿಸಿರಿ’ ಎಂಬುದೂ ಕೇಳಿತು. ನಡುವೆ ಬರಬೇಕಾದ ದಿನ, ಹೊತ್ತು, ಸ್ಥಳಗಳು ಮಾತ್ರ ಗರಗರನೆ ಅರೆದುಹೋಗಿದ್ದವು. ಕಾರ್ಯಕ್ರಮ ಎಲ್ಲಿಯೆಂದು ತಿಳಿಯದಿದ್ದರೂ ಅದು ಅದ್ದೂರಿಯಾದುದೆಂಬುದರಲ್ಲಿ ಯಾರಿಗೂ ಸಂಶಯ ಉಳಿಯಲಿಲ್ಲ.

ಮೊದಲೇ ಲೆಕ್ಕ ಕಟ್ಟಿಡುವ ಸೌಲಭ್ಯ ನಮ್ಮಲ್ಲಿ ಇಲ್ಲವೆನ್ನುವಂತಿಲ್ಲ. 2000ದ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬೆಲ್ ಎಂದು ಗೊತ್ತುಪಡಿಸಿ, ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ ಬಯಲಿನಲ್ಲಿ ಧ್ವನಿವರ್ಧಕ ಕೂಡದೆಂದು ಬರೆದಿಟ್ಟಿವೆ. ಒತ್ತುವ ಕಾಲೊಂದು ಸಿಕ್ಕಿಲ್ಲ, ಅಷ್ಟೆ. ಹಬ್ಬಹರಿದಿನಗಳಿಗೆಂದು ವರ್ಷಕ್ಕೆ 15 ದಿನ ಮೀರದಂತೆ ನಡುರಾತ್ರಿಯವರೆಗೆ ರಾಜ್ಯ ಸರಕಾರ ವಿನಾಯಿತಿ ಕೊಡಬಹುದು. ಆ 15 ದಿನಗಳು ಯಾವುವೆಂದು ವಿಚಾರಿಸಿದರೆ ಊರಿನ ಪ್ರತಿಯೊಂದು ಸಂಘವೂ ತನ್ನ ವಾರ್ಷಿಕೋತ್ಸವದ ಕರೆಯೋಲೆಯನ್ನು ಮುಂದೆ ಹಿಡಿಯುತ್ತದೆ.

ಹಾಗಾಗಿ, ಒಡೆಯುವುದೇ ಆದರೆ ಹದವರಿತು ಒಡೆಯಲೆಂಬ ಸದಾಶಯದಿಂದ, ಸಂಘಟಕರೊಬ್ಬರಿಗೆ ಈ ಪೆಡಲಿನ ಗುಣಗಾನ ಮಾಡಲಾಯಿತು. ಅವರು ಎಲ್ಲವನ್ನೂ ಶ್ರದ್ಧೆಯಿಂದ ಆಲಿಸಿ ಒಂದೇ ಒಂದು ತಿದ್ದುಪಡಿ ಸೂಚಿಸಿದರು: “ಆಫ್ ಮಾಡುವ ಸ್ವಿಚ್ಚು ಎಂತಕ್ಕೆ ಮಾರಾಯ್ರೆ? ಅದಿಲ್ಲದ್ದು ಸ್ವಲ್ಪ ಕಡಿಮೆಗೆ ಸಿಗುವುದಿಲ್ವಾ?”