ಕೊನೆಗೌಡ ಹೊತ್ತು ಹೋದ ಮಾತು

ಪುಣೆಯಲ್ಲಿ ಸಂವಹನ ವಿಷಯ ಓದುತ್ತಿರುವ ನನ್ನ ಮಗಳು ಹೋದ ತಿಂಗಳು ಶಿರಸಿಯ ಮನೆಗೆ ಫೋನ್ ಮಾಡಿ, "ಅಜ್ಜ, ದಿನಕ್ಕೆ ಎಷ್ಟು ನಿಮಿಷ ರೇಡಿಯೋ ಕೇಳ್ತೀಯ?" ಎಂದು ಕೇಳಿದಳು. ಅವಳ ಪ್ರಶ್ನಾವಳಿಯಲ್ಲಿ ಉತ್ತರಕ್ಕೆ ನಾಲ್ಕು ಖಾನೆಗಳಿದ್ದವು. ಅಪ್ಪಯ್ಯ ತುಸು ಹೊತ್ತು ಸುಮ್ಮನಿದ್ದ. ಆಮೇಲೆ, "ಕೂಸೇ, ಅದು ಬೆಳಗಿಂದ ಹಾಡ್ತಾ ಇರ್ತು. ಹಾಡ್ತಾ ಇರದು ಬೇರೆ, ಕೇಳದು ಬೇರೆ" ಎಂದ. ಯಾವ ಖಾನೆಗೆ ಗುರುತು ಹಾಕುವುದೆಂದು ಅವಳಿಗೆ ತಿಳಿಯಲಿಲ್ಲ.

ಹತ್ತೊಂಬತ್ತು ವರ್ಷದಿಂದ ಪುಣೆಯಲ್ಲಿದ್ದೇನೆ. ಇಲ್ಲಿ ಕಂಪನಿ ಬಸ್ಸಿನಲ್ಲಿ ನಲವತ್ತು ಜನ ಕೂತಿದ್ದರೆ ನಲವತ್ತೂ ಜನರ ಕಿವಿಗಳಲ್ಲಿ ಬೇರೆ ಬೇರೆ ದನಿ. ಯಾರು ಯಾವ ಪಾಡ್‌ಕಾಸ್ಟ್ ಹಚ್ಚಿದರು, ಎಷ್ಟನೇ ನಿಮಿಷಕ್ಕೆ ಬಿಟ್ಟರು ಎನ್ನುವುದೆಲ್ಲ ಆ್ಯಪ್‌ಗೆ ಗೊತ್ತಾಗುತ್ತದೆ. ಇಂಥ ಕೇಳುವಿಕೆಯನ್ನು ಅಳೆಯಲು ಎಣಿಕೆ ಸಾಕಾದೀತು. ಆದರೆ ಇವತ್ತಿನ ಸಂವಹನ ಸಂಶೋಧನೆ ಎಣಿಸಲು ಬರುವುದನ್ನಷ್ಟೇ ಕೇಳುವಿಕೆ ಎಂದುಕೊಳ್ಳುವ ಕಡೆಗೆ ವಾಲುತ್ತಿದೆ. ನನಗೆ ನೋವಾಗುವುದು ಅಲ್ಲಿ. 2007ರಲ್ಲಿ ಖಾಸಗಿ ಎಫ್‌ಎಂ ಕೇಳುಗರ ಅಳತೆ ಶುರುವಾದಾಗ ಮುಂಬೈ, ದೆಹಲಿ, ಬೆಂಗಳೂರಿನಂಥ ಮಹಾನಗರಗಳ ಮನೆಗಳಿಗೆ ದಿನಚರಿ ಪುಸ್ತಕ ಹಂಚಿದರು. ಜಾಹೀರಾತಿನವರಿಗೆ ಬೇಕಾದದ್ದು ಅಷ್ಟೇ ಆಗಿತ್ತು.

ಶಿರಸಿಯ ನಮ್ಮ ಮನೆ ಇರುವುದು ತಗ್ಗಿನಲ್ಲಿ, ಮೂರೂ ಕಡೆ ಗುಡ್ಡ. ಎಫ್‌ಎಂ ಅಲೆ ನೆಟ್ಟಗೆ ಹೋಗುವಂಥದ್ದು, ಗುಡ್ಡದ ಮರೆಗೆ ಬಂದರೆ ಸತ್ತೇ ಹೋಗುತ್ತದೆ. ಕಾರವಾರ ಆಕಾಶವಾಣಿ ಬೇಕೆಂದರೆ ಗುಡ್ಡದ ನೆತ್ತಿಗೇ ಹೋಗಬೇಕಿತ್ತು. ಧಾರವಾಡದ ಮಧ್ಯಮ ತರಂಗ ಮಾತ್ರ ನೆಲ ಹಿಡಿದು ಬಂದು ಅಡುಗೆಮನೆಗೂ ತಲುಪುತ್ತಿತ್ತು.

ಮಳೆಗಾಲದ ಮುಂಚೆ ಒಮ್ಮೆ ಕೃಷಿ ಕಾರ್ಯಕ್ರಮದಲ್ಲಿ ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಮಾಡುವ ಬಗೆ ಹೇಳುತ್ತಿದ್ದರು. 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ. ಅಂಗಳದ ತುದಿಯಲ್ಲಿ ಕವಳ ಹಾಕುತ್ತ ಕೂತಿದ್ದ ಕೊನೆಗೌಡ, ಎಂದರೆ ಅಡಿಕೆ ಮರ ಹತ್ತಿ ಕೊನೆ ಇಳಿಸುವ, ಮದ್ದು ಹೊಡೆಯುವ ಆಳು, ಕಿವಿಗೊಟ್ಟು ಕೇಳಿದ. ಮರುದಿನ ಡ್ರಮ್ಮಿನಲ್ಲಿ ದ್ರಾವಣ ಕಲಸಿಯಾದ ಮೇಲೆ ತನ್ನ ಕತ್ತಿಯ ಅಲಗನ್ನು ಕಲ್ಲಿಗೆ ತಿಕ್ಕಿ ಬೆಳ್ಳಗೆ ಮಾಡಿ ಅದರಲ್ಲಿ ಅದ್ದಿದ. ಹೊರಗೆ ತೆಗೆದಾಗ ಅಲಗಿನ ಮೇಲೆ ತೆಳ್ಳಗೆ ಕೆಂಪು ಕೂತಿತ್ತು. "ಹೆಗಡೇರೆ, ರೇಡಿಯೋದಲ್ಲಿ ಹೇಳಿದ್ದು ಖರೆ. ಆದ್ರೆ ನಮ್ ಸುಣ್ಣ ಹಳೇದ್ರಾ, ಇನ್ನೂ ಬೇಕು" ಎಂದ. ಇನ್ನೆರಡು ಬೊಗಸೆ ಸುಣ್ಣದ ತಿಳಿ ಬಿತ್ತು. ಅಲಗನ್ನು ಮತ್ತೆ ತಿಕ್ಕಿ ಅದ್ದಿದ, ಈ ಸಲ ಕೆಂಪು ಹತ್ತಲಿಲ್ಲ. ಆ ಮಳೆಗಾಲ ಅವನು ಮದ್ದು ಹೊಡೆದ ಅಷ್ಟೂ ತೋಟಗಳಿಗೆ ಈ ಮಾತು ಹೋಯಿತು, ಅವನ ತಿದ್ದುಪಡಿ ಸಮೇತ. ಅವುಗಳಲ್ಲಿ ಕೆಲವು ಮನೆಗಳಲ್ಲಿ ರೇಡಿಯೋವೇ ಇರಲಿಲ್ಲ.

ಸಂವಹನ ಶಾಸ್ತ್ರದಲ್ಲಿ ಇದಕ್ಕೊಂದು ಹೆಸರಿದೆ ಎಂದು ಮಗಳ ಪಠ್ಯಪುಸ್ತಕ ತಿರುವುವಾಗ ಗೊತ್ತಾಯಿತು: ಎರಡು ಹಂತದ ಹರಿವು. ವಿಯೆನ್ನಾದಿಂದ ಅಮೆರಿಕಕ್ಕೆ ಬಂದ ಪಾಲ್ ಲಾಜರ್ಸ್‌ಫೆಲ್ಡ್ ಮತ್ತು ಜೊತೆಗಾರರು 1940ರ ಚುನಾವಣೆಯ ಹೊತ್ತಿಗೆ ಒಹಾಯೋ ರಾಜ್ಯದ ಒಂದು ಕೌಂಟಿಯ ಜನರನ್ನು ಮತ್ತೆ ಮತ್ತೆ ಮಾತಾಡಿಸಿ ಕಂಡುಕೊಂಡದ್ದು ಇದು. ರೇಡಿಯೋದ ಮಾತು ನೇರವಾಗಿ ಎಲ್ಲರ ಮನಸ್ಸಿಗೆ ಇಳಿಯುವುದಿಲ್ಲ. ಮೊದಲು ನಾಲ್ಕು ಜನ ನಂಬುವ ಒಬ್ಬನ ಹತ್ತಿರ ಹೋಗುತ್ತದೆ, ಅವನ ಬಾಯಿಂದ ಉಳಿದವರಿಗೆ. ಅಂಥವನು ನಮ್ಮಲ್ಲಿ ಕೊನೆಗೌಡ. ಕಾರವಾರದ ಬೈತಖೋಲ ಬಂದರಿನಲ್ಲಾದರೆ ದೋಣಿ ನಡೆಸುವ ತಾಂಡೇಲ: ಹವಾಮಾನ ವರದಿಯನ್ನು ಎಲ್ಲರೂ ಕೇಳುತ್ತಾರೆ, ದೋಣಿ ಬಿಡುವುದು ಮಾತ್ರ ಅವನ ಮುಖ ನೋಡಿ.

ಲಾಜರ್ಸ್‌ಫೆಲ್ಡ್ ಬಳಗದಲ್ಲೇ ಪಳಗಿದ ಪಾಲ್ ನ್ಯೂರಾತ್ 1956ರಲ್ಲಿ ಭಾರತದಲ್ಲಿದ್ದರು. ಯುನೆಸ್ಕೋ ನೆರವಿನಿಂದ ಆಗ ನಡೆದ ರೇಡಿಯೋ ಗ್ರಾಮ ಕೂಟಗಳ ಪುಣೆ ಪ್ರಯೋಗವನ್ನು ಟಾಟಾ ಸಮಾಜವಿಜ್ಞಾನ ಸಂಸ್ಥೆಯಿಂದ ಅಭ್ಯಾಸ ಮಾಡಿದವರು ಅವರು. ಆಗಿನ ಮುಂಬೈ ರಾಜ್ಯದ ಐದು ಮರಾಠಿ ಜಿಲ್ಲೆಗಳ ಹಳ್ಳಿಗಳಲ್ಲಿ ಜನ ವಾರಕ್ಕೆ ಎರಡು ಸಲ ಒಟ್ಟಿಗೆ ಕೂತು ರೇಡಿಯೋ ಕೇಳಿ, ಆಮೇಲೆ ತಮ್ಮತಮ್ಮಲ್ಲಿ ಚರ್ಚೆ ಮಾಡುತ್ತಿದ್ದರು. ರೇಡಿಯೋ ಇದ್ದೂ ಕೂಟವಿಲ್ಲದ ಊರುಗಳಿಗಿಂತ ಕೂಟ ನಡೆದ ಊರುಗಳಲ್ಲಿ ಜನರ ತಿಳಿವಳಿಕೆ ಬಹಳ ಹೆಚ್ಚಿತು. ಆ ವರ್ಷ ನವೆಂಬರ್ 1ರ ತನಕ ನಮ್ಮ ಉತ್ತರ ಕನ್ನಡವೂ ಅದೇ ಮುಂಬೈ ರಾಜ್ಯದಲ್ಲಿತ್ತು. ಸಂಶೋಧಕರು ಮುಂದೆ ಟ್ರಾನ್ಸಿಸ್ಟರ್ ಕಾಲದಲ್ಲಿ ಇನ್ನಷ್ಟು ದಕ್ಷಿಣಕ್ಕೆ ಬಂದಿದ್ದರೆ ಅಡಿಕೆ ಸುಲಿಯುವ ಚಪ್ಪರದಲ್ಲಿ ಯಾರೂ ಕಟ್ಟದೆಯೇ ಕಟ್ಟಿಕೊಂಡ ಕೂಟ ನೋಡುತ್ತಿದ್ದರು. ಒಂದೇ ಬಲ್ಬಿನ ಕೆಳಗೆ ಹತ್ತು ಮೆಟ್ಟುಗತ್ತಿ, ಚೊಗರು ಹತ್ತಿ ಕಪ್ಪಾದ ಕೈಗಳು, ಮೊಳೆಗೆ ತೂಗುಹಾಕಿದ ಟ್ರಾನ್ಸಿಸ್ಟರ್. ತಾಳಮದ್ದಲೆ ಬಂದರೆ ಅರ್ಥಧಾರಿಯ ಮಾತಿಗೆ ಇಲ್ಲಿಂದಲೂ ಉತ್ತರ ಹೋಗುತ್ತಿತ್ತು.

ಈಗ ಊರಲ್ಲಿ ರೇಡಿಯೋ ಜಾಗಕ್ಕೆ ವಾಟ್ಸ್‌ಆ್ಯಪ್ ಧ್ವನಿ ಸಂದೇಶ ಬಂದಿದೆ. ಅಡಿಕೆ ದರ, ಸಾವಿನ ಸುದ್ದಿ, ರಸ್ತೆ ಬಂದ್ ಎಲ್ಲವೂ ಅದರಲ್ಲೇ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದಾಗ ಪುಣೆಯಲ್ಲಿ ಕೂತು ನಾನು ಇಂಥ ಎಷ್ಟೋ ದನಿಗಳನ್ನು ಕೇಳಿದೆ. ಯಾವ ದಾರಿ ತೆರೆದಿದೆ ಎಂದು ಹೇಳುವ ಆ ದನಿ ಯಾರದ್ದು, ಎಂದಿನದ್ದು ಎನ್ನುವುದೇ ಗೊತ್ತಾಗುತ್ತಿರಲಿಲ್ಲ. ರೇಡಿಯೋ ಆದರೆ ಮೊದಲು ಸಮಯ ಹೇಳುತ್ತಿತ್ತು, ಓದುವವರ ಹೆಸರು ಹೇಳುತ್ತಿತ್ತು. ಈ ಗುಂಪುಗಳು ಹೊರಗಿನವರಿಗೆ ತೆರೆಯುವುದಿಲ್ಲ, ತೆರೆಯಲೂಬಾರದು. ಒಳಗಿನವರು ಕರೆದು ಕೂರಿಸಿಕೊಂಡರೆ ಮಾತ್ರ ಸಂಶೋಧಕರಿಗೆ ದಾರಿ. ಅಂದರೆ ಮತ್ತೆ ಹೊಸ್ತಿಲಲ್ಲಿ ನಿಂತು ಕೇಳಬೇಕು.

ಧ್ವನಿಯನ್ನು ಅಕ್ಷರ ಮಾಡುವ ಯಂತ್ರವಿದೆಯಲ್ಲ ಎಂದಳು ಮಗಳು. ಅಪ್ಪಯ್ಯನ ಒಂದು ಸಂದೇಶವನ್ನು ಅದಕ್ಕೆ ಕೊಟ್ಟು ನೋಡಿದೆವು. "ಈ ಸಲ ಕೊಳೆ ಬಂಜಿಲ್ಲೆ" ಎಂದದ್ದನ್ನು "ಕೋಳಿ ಬಂದಿಲ್ಲ" ಎಂದು ಬರೆಯಿತು. ಹವ್ಯಕರ ಮಾತಿಗೇ ಹೀಗಾದರೆ ಅಂಕೋಲೆಯ ಹಾಲಕ್ಕಿಗಳ, ಯಲ್ಲಾಪುರದ ಸಿದ್ದಿಗಳ ಮಾತು ಏನಾದೀತು? ಇಂಥ ಸಾವಿರ ಸಂದೇಶ ಒಟ್ಟುಮಾಡಿ ಯಾರಾದರೂ ನಮ್ಮ ಜಿಲ್ಲೆಯ ಬಗ್ಗೆ ಪ್ರಬಂಧ ಬರೆದರೆ ಅದರಲ್ಲಿ ನಾವು ಇರುತ್ತೇವೆಯೇ ಎಂದು ಅವಳನ್ನೇ ಕೇಳಿದೆ.

ಬರುವ ಅಡಿಕೆ ಸುಗ್ಗಿಗೆ ಅವಳು ಊರಿಗೆ ಹೋಗುತ್ತಿದ್ದಾಳೆ. ಪ್ರಶ್ನಾವಳಿ ಒಯ್ಯಲಿ, ಮೊದಲ ವಾರ ಚೀಲದಿಂದ ತೆಗೆಯುವುದು ಬೇಡ ಎಂದಿದ್ದೇನೆ. ಅವಳಿಗೊಂದು ಮೆಟ್ಟುಗತ್ತಿ ಮಸೆದಿಡುತ್ತೇನೆ ಎಂದು ಅಪ್ಪಯ್ಯ ಹೇಳಿದ್ದಾನೆ.