ಊಟಕ್ಕೆ ಕೂತ್ರಾ ಅಪ್ಪಾಜಿ?

ಹೋದ ಶ್ರಾವಣದ ಒಂದು ಸೋಮವಾರ. ರಾತ್ರಿ ಎಂಟಕ್ಕೆ ಅಪ್ಪಾಜಿ ಫೋನಿನಲ್ಲಿ ಅಲಾರಂ ಹೊಡೆಯಿತು. ಇಟ್ಟವಳು ನಾನೇ. 'ಶುಗರ್ ಮಾತ್ರೆ' ಅಂತ ಅದಕ್ಕೊಂದು ಹೆಸರನ್ನೂ ಕೊಟ್ಟಿದ್ದೆ. ದಾವಣಗೆರೆಯ ಕಾಟನ್ ಮಿಲ್ಲಿನ ಸೈರನ್ನಿಗೆ ಎದ್ದು ಓಡಿದ ಜೀವ ಅದು. ಗಂಟೆ ಹೊಡೆದರೆ ಕೆಲಸ ಆಗಲೇಬೇಕು. ಮಾತ್ರೆ ನುಂಗಿದರು.

ಅವತ್ತು ಅವರದ್ದು ಒಪ್ಪತ್ತು. ಪೂಜೆ ಆಗದೇ ಊಟವಿಲ್ಲ. ಪೂಜೆ ಮುಗಿದಾಗ ಒಂಬತ್ತೂವರೆ. ಅಷ್ಟರಲ್ಲಿ ಬೆವರು, ಕೈ ನಡುಕ, ಮಾತು ತೊದಲು. ಚುಚ್ಚಿ ನೋಡಿದರೆ 58. 70ಕ್ಕಿಂತ ಇಳಿದರೇ ಲೋ ಶುಗರ್ ಅಂತಾರೆ. ಅಮ್ಮ ಮೂರು ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿಸಿದರು. ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಿದಾಗ 84. ನನಗಾಗ ಉಸಿರು ಬಂತು.

ಸಕ್ಕರೆ ಇಳಿಸೋ ಕೆಲವು ಮಾತ್ರೆ ಊಟದ ಜೊತೆಗೇ ಹೋಗಬೇಕು. ಫೋನಿಗೆ ಟೈಮ್ ಗೊತ್ತು, ಒಪ್ಪತ್ತು ಗೊತ್ತಿಲ್ಲ. ನನಗೆ ಗೊತ್ತಿತ್ತು, ನಾನೇ ಯೋಚಿಸಲಿಲ್ಲ.

ಹಾಗಂತ ಫೋನ್ ಬೇಡ ಅನ್ನೋಳಲ್ಲ ನಾನು. ಬರೀ ಎಸ್ಸೆಮ್ಮೆಸ್ ಏನು ಮಾಡಬಹುದು ಅನ್ನೋದಕ್ಕೆ ನಮ್ಮ ದಕ್ಷಿಣ ಭಾರತದಲ್ಲೇ ಒಂದು ಅಧ್ಯಯನ ಆಗಿದೆ, 2013ರಲ್ಲಿ ಪ್ರಕಟವಾಯಿತು. ಶುಗರ್ ಅಂಚಿನಲ್ಲಿದ್ದ 537 ಗಂಡಸರು. ಅರ್ಧ ಜನಕ್ಕೆ ಊಟ, ನಡಿಗೆ ಬಗ್ಗೆ ಆಗಾಗ ಮೆಸೇಜ್ ಕಳಿಸಿದರು. ಎರಡು ವರ್ಷ ಕಳೆದ ಮೇಲೆ ಮೆಸೇಜ್ ಬಂದವರಲ್ಲಿ 18% ಜನಕ್ಕೆ ಡಯಾಬಿಟಿಸ್ ಬಂದಿತ್ತು, ಮೆಸೇಜ್ ಬಾರದವರಲ್ಲಿ 27%. ಆ್ಯಪೂ ಇಲ್ಲ, ವಾಚೂ ಇಲ್ಲ.

ವಾಚ್ ಅಂದಾಗ ನೆನಪಾಯಿತು. ಚುಚ್ಚದೇ ಶುಗರ್ ತೋರಿಸುತ್ತೆ ಅಂತ ನಮ್ಮ ಭಾವ ಆನ್‌ಲೈನಲ್ಲಿ ಒಂದು ತರಿಸಿದ್ದರು. ಮಗ ತಮಾಷೆಗೆ ಬಾಳೆಹಣ್ಣಿಗೆ ಕಟ್ಟಿದ. ಅದಕ್ಕೂ 110! ಇಂಥ ವಾಚು, ಉಂಗುರ ನಂಬಬೇಡಿ ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2024ರಲ್ಲೇ ಹೇಳಿದೆ. ತೋಳಿಗೆ ಅಂಟಿಸೋ ಸೆನ್ಸರ್ ಬೇರೆ. ಅದರ ಸಣ್ಣ ಎಳೆ ಚರ್ಮದ ಒಳಗೇ ಇರುತ್ತೆ, ಫೋನಿಗೆ ಲೆಕ್ಕ ಕಳಿಸುತ್ತೆ. ಆದರೆ ಎರಡು ವಾರಕ್ಕೊಮ್ಮೆ ಹೊಸದು ತರೋಕೆ ನಮ್ಮಂಥವರ ಜೇಬು ತಡೆಯಲ್ಲ.

ಊಟ ಬರೆದಿಡೋ ಆ್ಯಪ್ ಕೂಡ ನೋಡಿದೆ. ಮುದ್ದೆ ಎಷ್ಟು ಗ್ರಾಂ ಅಂತ ಕೇಳುತ್ತೆ. ಅಮ್ಮನ ಕೈ ಮುದ್ದೆ ತೂಕ ಮಾಡಿದವರು ಯಾರು? ಮಂಡಕ್ಕಿ ಎಷ್ಟು ಕಪ್ ಅಂತೆ. ಸಂಜೆ ಪೇಪರ್ ಹಾಸಿ, ಮೆಣಸಿನಕಾಯಿ ಬಜ್ಜಿ ಇಟ್ಟುಕೊಂಡು ಕೂತೋರಿಗೆ ಕಪ್ ಲೆಕ್ಕ ಎಲ್ಲಿ? ಹಗುರ ಅಲ್ವಾ ಅಂತ ಎಲ್ಲರೂ ತಿಂತಾರೆ. ಮಂಡಕ್ಕಿ ಅಂದರೂ ಅಕ್ಕಿಯೇ, ಶುಗರ್ ಬೇಗ ಏರುತ್ತೆ.

ನಮ್ಮನೇಲಿ ಎಡವಟ್ಟಾಗಿದ್ದು ಮಾತ್ರ ವಾಟ್ಸಾಪಿನಿಂದ. ಬೆಳಿಗ್ಗೆ ಮೀಟರಿನ ಫೋಟೋ ಫ್ಯಾಮಿಲಿ ಗ್ರೂಪಿಗೆ ಹಾಕಿ ಅಂದಿದ್ವಿ. 190 ಬಂದ ದಿನ ಅಣ್ಣ, ಅತ್ತಿಗೆ, ನಾನು, ಎಲ್ಲರೂ ಮುಗಿಬಿದ್ವಿ. "ಏನು ತಿಂದ್ರಿ? ಯಾರ ಜೊತೆ ಹೋಗಿದ್ರಿ?" ಆಮೇಲೆ ದಿನಾ 112, 118, 109. ನಮಗೋ ಖುಷಿ. ಲ್ಯಾಬಿನಲ್ಲಿ ಮೂರು ತಿಂಗಳ ಶುಗರಿನ ಸರಾಸರಿ ತೋರಿಸೋ ಟೆಸ್ಟ್, ಅದೇ ಎಚ್‌ಬಿಎ1ಸಿ, ಮಾಡಿಸಿದರೆ 8.9%! 7ರ ಒಳಗಿರಲಿ ಅಂತ ಡಾಕ್ಟರ್ ಹೇಳಿದ್ದರು. ಫೋಟೋಗಳನ್ನ ದೊಡ್ಡದು ಮಾಡಿ ನೋಡಿದೆ. ಮೂಲೆಯಲ್ಲಿ ಹೋದ ವರ್ಷದ ತಾರೀಕು. ಮೀಟರಿನ ಮೆಮೊರಿ ಒತ್ತಿ, ಒಳ್ಳೊಳ್ಳೆ ನಂಬರ್ ಹುಡುಕಿ ಫೋಟೋ ಹೊಡೆದಿದ್ದಾರೆ ನಮ್ಮ ಅಪ್ಪಾಜಿ!

ಕೇಳಿದರೆ, "ಆ ಫೋನು ನನ್ನ ತಾಟಿನಾಗೆ ಯಾಕವ್ವ ಇಣುಕಬೇಕು?" ಅಂದರು. ನನಗೆ ಉತ್ತರ ಹೊಳೆಯಲಿಲ್ಲ. ಫೋನಲ್ಲ, ಅದರೊಳಗಿಂದ ನಾವೇ ಇಣುಕುತ್ತಿದ್ವಿ. ದಿನಾ ಬೈಸಿಕೊಳ್ಳೋಕೆ ಯಾರು ತಾನೇ ನಿಜ ಹೇಳ್ತಾರೆ?

ಈಗ ಗ್ರೂಪಿಲ್ಲ. ಫೋಟೋ ನನಗೊಬ್ಬಳಿಗೇ ಬರುತ್ತೆ. ನಾನು ಒಂದು ಹೆಬ್ಬೆಟ್ಟು ಒತ್ತಿ ಸುಮ್ನಾಗ್ತೀನಿ. ತಿಂಗಳಿಗೊಮ್ಮೆ ಎಲ್ಲಾ ಫೋಟೋ ಡಾಕ್ಟರ್ ಮುಂದೆ ಹಿಡೀತೀವಿ, ಮಾತ್ರೆ ಹೆಚ್ಚು ಕಡಿಮೆ ಮಾಡೋದು ಅವರ ಕೆಲಸ. ಎಂಟು ಗಂಟೆಯ ಅಲಾರಂ ತೆಗೆದು ಅಮ್ಮನ ದನಿ ರೆಕಾರ್ಡ್ ಮಾಡಿ ಹಾಕಿದೀನಿ: "ಊಟಕ್ಕೆ ಕೂತ್ರಾ? ಕೂತ ಮೇಲೆ ಮಾತ್ರೆ."

ಮೊನ್ನೆ ಭಾನುವಾರ ಬೆಳಿಗ್ಗೆ ಹತ್ತೂವರೆಗೆ ಫೋಟೋ ಬಂತು. 214. ಕೆಳಗೆ ಒಂದು ವಾಯ್ಸ್ ಮೆಸೇಜು: "ಬೆಣ್ಣೆ ದೋಸೆ ಕಣವ್ವ. ಎರಡಲ್ಲ, ಒಂದೇ. ಬೆಣ್ಣೆ ಮಾತ್ರ ಸ್ವಲ್ಪ ಜಾಸ್ತಿ ಹಾಕಿಸ್ಕೊಂಡೆ."